ಯಶೋಧರಾ ತನ್ನ ಮೂಗಿಗೆ ಡಾಕ್ಟರ್ ಹುಡುಕಿದ್ದು

ಹನಗೋಡಿನ ಸುತ್ತ ಹೊಗೆಸೊಪ್ಪು ಬೆಳೆಯುವ ಗಂಡಸರಿಗೆ ಒಂದು ಜಂಬವಿದೆ. ಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿಯ ಹದ ತಮಗೊಬ್ಬರಿಗೇ ಗೊತ್ತು ಅಂತ. ಸುರೇಶನ ಆ ಜಂಬ ಮದುವೆಯಾದ ಎರಡನೇ ವರ್ಷಕ್ಕೇ ಇಳಿದುಹೋಯಿತು. ಅವನ ಹೆಂಡತಿ ಯಶೋಧರಾ ಬ್ಯಾರನ್ನಿನ ಬಾಗಿಲನ್ನು ಒಂದು ಗೇಣು ತೆರೆದು, ಮೂಗು ಒಳಗಿಟ್ಟು, "ಇನ್ನೂ ಅಸೀ ವಾಸ್ನೆ ಅದೆ, ಈಗ್ಲೇ ಸೌದೆ ತುಂಬಬ್ಯಾಡಿ" ಎಂದಳೆಂದರೆ ಅದೇ ಕಡೆ ಮಾತು. ಥರ್ಮಾಮೀಟರ್ ಏನೇ ತೋರಿಸಲಿ, ಅವಳು ಹೇಳಿದ ಹೊತ್ತಿಗೇ ಬೆಂಕಿ ಏರಬೇಕು. ಹಾಗೆ ಬೆಂದ ಸೊಪ್ಪು ಮಾಗಿದ ನಿಂಬೆಹಣ್ಣಿನ ಬಣ್ಣಕ್ಕೆ ಬರುತ್ತಿತ್ತು. ಪಿರಿಯಾಪಟ್ಟಣದ ಕಡೆಯವರೂ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ತಮ್ಮ ಬ್ಯಾರನ್ ಮೂಸಿಸುತ್ತಿದ್ದರು.

ಅಂಥ ಮೂಗಿನ ಮೇಲೆ ಮೂರು ವರ್ಷದ ಹಿಂದೆ, ಸೊಪ್ಪು ನೇತುಹಾಕುವ ಅಡ್ಡಮರವೊಂದು ಜಾರಿ ಬಿತ್ತು. ರಕ್ತ ನಿಂತಿತು, ಊತ ಇಳಿಯಿತು, ಎಲ್ಲರೂ ಸರಿಹೋಯಿತು ಅಂದುಕೊಂಡರು. ಮೂಗು ಮಾತ್ರ ಬಲಕ್ಕೆ ವಾಲಿಕೊಂಡೇ ಕೂತಿತು. ಎಡಹೊಳ್ಳೆ ಪೂರ್ತಿ ಕಟ್ಟಿತು, ಬಲಹೊಳ್ಳೆಯಲ್ಲಿ ಅರ್ಧ ಉಸಿರು. ವಾಸನೆ ಬರಬರುತ್ತಾ ಮಂಕಾಯಿತು. ಹೋದ ವರ್ಷ ಅವಳ ಮಾತು ನಂಬಿ ಬೆಂಕಿ ಏರಿಸಿದ ಒಂದಿಡೀ ಬ್ಯಾರನ್ ಸೊಪ್ಪು ಕಪ್ಪಾಗಿ ಹೋಯಿತು. ಮನೆಯಲ್ಲಿ ಯಾರೂ ಒಂದು ಮಾತು ಅನ್ನಲಿಲ್ಲ. ಅನ್ನಲಿಲ್ಲವಲ್ಲ, ಅದೇ ಅವಳಿಗೆ ತಡೆಯಲಾರದ ನೋವಾಯಿತು. ಮಾರನೆಯ ದಿನದಿಂದ ಸುರೇಶ ಸದ್ದಿಲ್ಲದೆ ಥರ್ಮಾಮೀಟರ್ ನೋಡತೊಡಗಿದ.

ಈ ಆಗಸ್ಟ್‌ನಲ್ಲಿ, ಮೊದಲ ಬ್ಯಾರನ್ ತುಂಬಿದ ವಾರವೇ, ಯಶೋಧರಾ ಮೂಗಿನ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದಳು. ಅತ್ತೆ ರಾಚಮ್ಮ ಸೊಪ್ಪು ಕಟ್ಟುತ್ತಿದ್ದ ಕೈ ನಿಲ್ಲಿಸಿದಳು.

"ಎಲ್ಡು ಮಕ್ಕಳಾದ ಮ್ಯಾಲೆ ಚೆಂದ ಕಟ್ಕಂಡು ಏನ್ ಮಾಡೀಯವ್ವ? ಯಾರಿಗ್ ತೋರ್ಸ್‌ಬೇಕು?"

"ತೋರ್ಸಕ್ಕಲ್ಲ ಅತ್ತೆ, ಮೂಸಕ್ಕೆ."

ರಾಚಮ್ಮ ಮತ್ತೆ ಸೊಪ್ಪು ಕಟ್ಟತೊಡಗಿದಳು. ಬ್ಯಾರನ್ ಕಪ್ಪಾದ ದಿನ ಸೊಸೆ ಉಣ್ಣದೆ ಮಲಗಿದ್ದನ್ನು ಆಕೆಯೂ ನೋಡಿದ್ದಳು.

ಹುಣಸೂರಿನ ಆಸ್ಪತ್ರೆಯ ಕಿವಿ-ಮೂಗಿನ ಡಾಕ್ಟರ್ ಟಾರ್ಚ್ ಬಿಟ್ಟು ನೋಡಿ, ಒಳಗಿನ ನಡುಗೋಡೆಯೂ ಸೊಟ್ಟ, ಹೊರಗಿನ ಮೂಳೆಯೂ ಸೊಟ್ಟ ಎಂದರು. ಒಂದನ್ನು ಬಿಟ್ಟು ಒಂದನ್ನು ಸರಿಮಾಡಿದರೆ ಪ್ರಯೋಜನವಿಲ್ಲ, ಎರಡನ್ನೂ ಬಲ್ಲವರು ಬೇಕು, ಮೈಸೂರಿಗೆ ಹೋಗಿ ಎಂದು ಒಂದು ಹೆಸರು ಬರೆದುಕೊಟ್ಟರು. "ಬೋರ್ಡ್ ನೋಡಿ ಮರುಳಾಗಬೇಡಿ. ಈ ಆಪರೇಷನ್ ಎಲ್ಲಿ ಕಲಿತರು, ಎಷ್ಟು ಮಾಡಿದ್ದಾರೆ, ನಾಚಿಕೊಳ್ಳದೆ ಕೇಳಿ" ಎಂದೂ ಹೇಳಿದರು.

ಆದರೆ ಸುರೇಶ ಮೊಬೈಲಿನಲ್ಲಿ ಇನ್ನೊಂದು ಕ್ಲಿನಿಕ್ ಹುಡುಕಿಬಿಟ್ಟಿದ್ದ. ಮೊಬೈಲಿನಲ್ಲಿ ಕಂಡದ್ದೆಲ್ಲ ಅವನಿಗೆ ವೇದವಾಕ್ಯ. ಮೈಸೂರಿನ ಆ ಕ್ಲಿನಿಕ್ಕಿನಲ್ಲಿ ಗೋಡೆ ತುಂಬ ಮೂಗುಗಳ ಫೋಟೋ. ಒಂದು ಫಾರಮ್ ಕೊಟ್ಟರು. ತಂಬಾಕು ಉಂಟೇ ಎಂದಿದ್ದ ಕಡೆ ಸುರೇಶ ಇಲ್ಲ ಎಂದು ಗೀಟು ಹಾಕಿದ. ಡಾಕ್ಟರ್ ಯಶೋಧರಾಳ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಮೂಗನ್ನು ಹಿಡಿದೆಳೆದು, ನೆಟ್ಟಗೆ ಸಣ್ಣಗೆ ಮಾಡಿ ತೋರಿಸಿದರು.

ಸುರೇಶ ಬಾಯಿ ಬಿಟ್ಟುಕೊಂಡು ನೋಡಿದ. "ನಮ್ಮೋಳು ಇಂಗೇ ಆಯ್ತಾಳಾ ಸಾರ್?"

"ನೂರಕ್ಕೆ ನೂರು. ಮಂಗಳವಾರ ಕರ್ಕೊಂಡು ಬನ್ನಿ."

ಸೊಪ್ಪು ವಿಂಗಡಿಸಲು ಆಳು ಹಿಡಿಯುವಾಗ ಯಶೋಧರಾಳದ್ದು ಒಂದು ಪದ್ಧತಿ. ಒಳ್ಳೆಯ ಕಂತೆಯೊಳಗೆ ಎರಡು ಸುಟ್ಟ ಎಲೆ ಸೇರಿಸಿ ಕೈಗೆ ಕೊಡುತ್ತಿದ್ದಳು. "ಎಲ್ಲಾ ಚೆಂದಾಗದೆ ಕಣಕ್ಕ" ಅಂದವರಿಗೆ ಮಜ್ಜಿಗೆ ಕೊಟ್ಟು ಕಳಿಸುವುದು. "ಇದ್ರಾಗ್ ಎಲ್ಡು ಸುಟ್ಟೋಗವೆ" ಅಂದವರಿಗೆ ಕೆಲಸ ಕೊಡುವುದು. ಮೈಸೂರಿನ ಏಸಿ ಕೋಣೆಯಲ್ಲೂ ಅವಳು ತನ್ನ ಪದ್ಧತಿ ಬಿಡಲಿಲ್ಲ.

"ಸಾರ್, ನೀವು ಮಾಡಿದ್ರಲ್ಲಿ ಕೆಟ್ಟೋಗಿದ್ದು ಯಾವ್ದು?"

ಡಾಕ್ಟರ್ ನಕ್ಕರು. "ನಮ್ಮಲ್ಲಿ ಕೆಡೋ ಮಾತೇ ಇಲ್ಲಮ್ಮ."

ಯಶೋಧರಾ ಎದ್ದು ನಿಂತಳು. ಈ ಮನುಷ್ಯ ಇಷ್ಟು ಹೊತ್ತಾದರೂ ತನ್ನ ಮೂಗಿನೊಳಗೆ ಒಂದು ಸಲವೂ ಇಣುಕಿ ನೋಡಿಲ್ಲ ಎಂಬುದು ಅವಳಿಗೆ ಆಗಲೇ ಹೊಳೆದದ್ದು.

ಹೊರಗೆ ಬಂದ ಮೇಲೆ ಸುರೇಶ ರೇಗಿದ. "ಮಂಗಳವಾರಕ್ಕೇ ಆಗೋಯ್ತಿತ್ತಲ್ಲ ಕಣಮ್ಮಿ! ಈ ಸಲದ ಸೊಪ್ಪಿಗಾದ್ರೂ ನಿನ್ ಮೂಗು ಬತ್ತಿತ್ತು."

ಅವಳಿಗೂ ಆಸೆಯಿರಲಿಲ್ಲವೇ? ಇತ್ತು. ಆದರೆ ಆಸೆಗೆ ಬಿದ್ದು ಮೂಗು ಕೊಡುವ ಹೆಂಗಸಲ್ಲ ಅವಳು. "ಚೀಟಿಲಿರೋ ಡಾಕ್ಟ್ರನ್ನ ನೋಡ್ಕಂಡೇ ಊರಿಗೋಗದು, ನಡೀರಿ" ಎಂದು ಆಟೋ ಹತ್ತಿದಳು.

ಆ ಡಾಕ್ಟರ್ ಹೆಂಗಸು, ಹೆಸರು ಅನು. ಮೊದಲು ನಿಮಗೆ ಏನು ತೊಂದರೆ ಎಂದು ಕೇಳಿ, ಪೂರ್ತಿ ಹೇಳುವ ತನಕ ಸುಮ್ಮನೆ ಕೂತಿದ್ದರು. ಆಮೇಲೆ ಸಣ್ಣ ದೀಪವಿದ್ದ ತೆಳ್ಳನೆಯ ಕೊಳವೆಯನ್ನು ಎರಡೂ ಹೊಳ್ಳೆಗೆ ಇಳಿಸಿ ನೋಡಿದರು. ತಾವು ಕಲಿತದ್ದೆಲ್ಲಿ, ವರ್ಷಕ್ಕೆ ಎಷ್ಟು ಮೂಗು ಮಾಡುವುದು ಎಂಬುದನ್ನು ಕೇಳಿದೊಡನೆ ಹೇಳಿದರು. ಹಾಳೆಯ ಮೇಲೆ ಮೂಗು ಬರೆದು, ಒಳಗಿನ ಗೋಡೆ ನೆಟ್ಟಗೆ ಮಾಡಬೇಕು, ಸೊಟ್ಟ ಕೂಡಿಕೊಂಡ ಮೂಳೆಯನ್ನು ಬಿಡಿಸಿ ಮತ್ತೆ ಕೂರಿಸಬೇಕು, ಒಂದು ವಾರ ಪಟ್ಟಿ, ಊತ ಪೂರ್ತಿ ಇಳಿಯಲು ವರ್ಷವೇ ಹಿಡಿಯಬಹುದು ಎಂದರು. ನೆಟ್ಟಗಾದರೂ ಅದು ನಿಮ್ಮ ಮೂಗಾಗಿಯೇ ಇರುತ್ತದೆ, ಇನ್ನೊಬ್ಬರದ್ದಾಗುವುದಿಲ್ಲ ಎಂದರು.

ಯಶೋಧರಾ ತನ್ನ ಪ್ರಶ್ನೆ ಕೇಳಿದಳು. "ಕೆಟ್ಟೋಗಿದ್ದು ಯಾವ್ದು ಡಾಕ್ಟ್ರೇ?"

ಅನು ಪೆನ್ನು ಕೆಳಗಿಟ್ಟರು. "ಹೋದ ವರ್ಷ ಒಬ್ಬರದ್ದು ಮತ್ತೆ ವಾಲಿತು. ಎರಡನೇ ಸಲ ಮಾಡಬೇಕಾಯಿತು. ಅವರನ್ನು ಕೇಳಿ ನಂಬರ್ ಕೊಡ್ತೀನಿ, ನೀವೇ ಮಾತಾಡಿ. ಇನ್ನೊಂದು ಮಾತು. ಉಸಿರಿನ ದಾರಿ ನಾನು ಬಿಡಿಸಬಲ್ಲೆ. ವಾಸನೆಯ ನರಕ್ಕೇ ಪೆಟ್ಟಾಗಿದ್ದರೆ ನನ್ನ ಕೈಲಿ ಏನೂ ಇಲ್ಲ. ಬರಬಹುದು, ಬರದೇನೂ ಇರಬಹುದು."

ಯಶೋಧರಾ ಬಂದದ್ದೇ ವಾಸನೆಗಾಗಿ. ಆದರೂ ಮನಸ್ಸಿನಲ್ಲೇ ಈ ಡಾಕ್ಟರನ್ನು ಕೆಲಸಕ್ಕೆ ತೆಗೆದುಕೊಂಡಾಗಿತ್ತು.

"ತಂಬಾಕು ಇದೆಯಾ?" ಅನು ಕೇಳಿದರು.

ಸುರೇಶನಿಗೆ ಅವಮಾನವಾಯಿತು. "ಛೇ ಛೇ! ನಮ್ಮನೇಲಿ ಬೀಡಿ ಸೇದೋರೇ ಇಲ್ಲ. ನಮ್ಮವ್ವ ಎಲೆ ಅಡಿಕೆಗೂ ಸೊಪ್ಪು ಆಕ್ಕಳಕಿಲ್ಲ."

ಅನು ಯಶೋಧರಾಳ ಅಂಗೈ ತಿರುಗಿಸಿ ನೋಡಿದರು. ಎಷ್ಟು ತಿಕ್ಕಿ ತೊಳೆದರೂ ಹೋಗದ ಕಪ್ಪು ಅಂಟು ಬೆರಳುಗಳಿಗೆ ಹತ್ತಿತ್ತು. "ನಮ್ಮಜ್ಜಿ ಅಂತರಸಂತೆಯವರು. ಸೊಪ್ಪಿನ ಕಾಲದಲ್ಲಿ ಅವರ ಕೈಯೂ ಹೀಗೇ ಇರ್ತಿತ್ತು. ಹಸಿ ಸೊಪ್ಪು ಮುರೀವಾಗ ತಲೆ ತಿರುಗಿ ವಾಂತಿ ಬರುತ್ತಲ್ವಾ?"

"ಬತ್ತದೆ. ಎಲ್ಲಾರ್ಗೂ ಬತ್ತದೆ."

"ಅದು ತಂಬಾಕೇ ಅಲ್ವೇನಮ್ಮ? ಸೇದದಿದ್ದರೂ ಚರ್ಮದಿಂದ ರಕ್ತಕ್ಕೆ ಇಳಿಯುತ್ತೆ. ಆಗ ಗಾಯಕ್ಕೆ ರಕ್ತ ಸರಿಯಾಗಿ ಹೋಗಲ್ಲ, ಮಾಯೋದು ಕಷ್ಟ. ಸೊಪ್ಪಿನ ಕೆಲಸ ಮುಗಿಸಿ, ಒಂದು ತಿಂಗಳು ಅದನ್ನು ಮುಟ್ಟದೆ ಇದ್ದು ಬನ್ನಿ. ಅದಕ್ಕೆ ಮುಂಚೆ ನಾನು ಚಾಕು ಹಿಡಿಯಲ್ಲ."

ಹುಟ್ಟಿದಂದಿನಿಂದ ಸೊಪ್ಪಿನಲ್ಲೇ ಬೆಳೆದ ಸುರೇಶ, ಅದಕ್ಕೂ ತಂಬಾಕಿಗೂ ನಂಟಿದೆ ಎಂದು ಅಂದೇ ಕೇಳಿದವನಂತೆ ಕೂತಿದ್ದ. ಗೀಟು ಹಾಕಿದ ಫಾರಮ್ ನೆನಪಾಗಿ ಅವನ ಮುಖ ಸಣ್ಣಗಾಯಿತು.

"ಜನವರಿಗೆ ಬತ್ತೀನಿ. ದಿನ ಬರ್ಕಳಿ" ಎಂದಳು ಯಶೋಧರಾ.

"ಈ ವರ್ಸದ ಬ್ಯಾರನ್ನು?" ಎಂದ ಸುರೇಶ.

"ಥರ್ಮಾಮೀಟರ್ ಇಲ್ವಾ? ನೋಡ್ಕಳಿ."

ಜನವರಿಯಲ್ಲಿ ಆಪರೇಷನ್ ಆಯಿತು. ಎಂಟನೇ ದಿನ ಪಟ್ಟಿ ಬಿಚ್ಚಿ ಅನು ಕನ್ನಡಿ ಕೊಟ್ಟರು. ಯಶೋಧರಾ ಕನ್ನಡಿಯನ್ನು ಮಡಿಲಲ್ಲಿಟ್ಟು, ಬಾಯಿ ಮುಚ್ಚಿ, ಎಡಹೊಳ್ಳೆಯಲ್ಲಿ ಉಸಿರೆಳೆದಳು. ತಣ್ಣನೆಯ ಗಾಳಿ ಸರಾಗವಾಗಿ ಒಳಗೆ ಹೋಯಿತು. ಮೂರು ವರ್ಷದ ಮೇಲೆ ಮೊದಲ ಸಲ. ಅವಳು ಗಳಗಳನೆ ಅತ್ತಳು. ಮೂಗು ಊದಿಕೊಂಡಿತ್ತು, ನೆಟ್ಟಗೂ ಇತ್ತು. ವಾಸನೆ ಮಾತ್ರ ಒಂದು ಚೂರೂ ಇರಲಿಲ್ಲ.

ಊರಿಗೆ ಬಂದ ಮೇಲೆ ಸುರೇಶ ಕಾಟ ಕೊಡಲು ಶುರುಮಾಡಿದ. ಬೆಳಿಗ್ಗೆ ಕಾಫಿಪುಡಿ ಡಬ್ಬಿ ಹಿಡಿಯುತ್ತಿದ್ದ, ಸಂಜೆ ಕರ್ಪೂರ. "ಬಂತಾ?" "ಇಲ್ಲ." ಮರುದಿನ ಮಲ್ಲಿಗೆ. "ಬಂತಾ?" "ಇಲ್ಲ ಕಣ್ರೀ, ಬುಡಿ!" ಒಂದು ದಿನ ಅವಳು ಡಬ್ಬಿಯನ್ನೇ ಕಿತ್ತು ಅಟ್ಟಕ್ಕೆ ಎಸೆದಳು. "ಬರ್ದಿದ್ರೂ ನಾನ್ ಬದ್ಕೇ ಬದುಕ್ತೀನಿ. ನೀವು ಇನ್ನೊಂದ್ ದಪ ಕೇಳ್ಬ್ಯಾಡಿ." ಅಂದಿನಿಂದ ಅವನು ಕೇಳಲಿಲ್ಲ.

ಮಾರ್ಚ್ ಕೊನೆಯಲ್ಲಿ ಸುರೇಶ ಹುಣಸೂರಿಗೆ ಹೋಗಿ ಬಂದ. ಯಶೋಧರಾ ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಬಂದು ಕೂತ.

"ಉಣ್ಣಕ್ಕಿಕ್ಲಾ?"

"ಬ್ಯಾಡ. ಬಿಸ್ಲಿಗೆ ಒಟ್ಟೆನೇ ಅಸೀತಿಲ್ಲ."

ಅವಳ ಕೈ ನಿಂತಿತು. ಮುಖ ಅವನ ಕಡೆ ತಿರುಗಿತು. "ಈರುಳ್ಳಿ ಬಜ್ಜಿ ತಿಂದಿದೀರಿ."

"ಇಲ್ಲ ಕಣಮ್ಮಿ, ಎಲ್ಲಿ ತಿನ್ಲಿ?" ಎಂದ ಸುರೇಶ, ಗ್ಯಾಸ್ಟ್ರಿಕ್ಕಿಗೆ ಕರಿದದ್ದು ಕೂಡದೆಂದಿದ್ದರೂ ಕದ್ದು ತಿನ್ನುವವನ ಅಭ್ಯಾಸಬಲದಿಂದ.

"ಕರ್ದಿರೋ ಎಣ್ಣೆನೂ ಅಳೇದು."

ಸುರೇಶನಿಗೆ ಆಗ ತಿಳಿಯಿತು. "ತಿಂದೆ ಕಣಮ್ಮಿ, ನಾಕು ತಿಂದೆ! ಅವ್ವಾ, ಬಾವ್ವ ಇಲ್ಲಿ, ನಾನ್ ಬಜ್ಜಿ ತಿಂದ್ಬಂದಿದೀನಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಅವಳ ಹೆಗಲಿಗೆ ಹಣೆ ಆನಿಸಿ ಅತ್ತುಬಿಟ್ಟ.