ಮರಿ ಹಿಡಿಯುವ ಕೈ

ನಾಯಿಮರಿ ಮಾರುವ ಅಪ್ಪನಿಗೆ ಸೂಜಿಯ ಮೇಲೆ ಬಹಳ ಭಕ್ತಿ. ಗಿರಾಕಿ ಗೇಟು ದಾಟುವ ಮೊದಲೇ, "ಎಲ್ಲಾ ಇಂಜೆಕ್ಷನ್ ಆಗಿದೆ ಸ್ವಾಮಿ, ಒಂದೂ ಬಿಟ್ಟಿಲ್ಲ," ಎಂದು ಮಂತ್ರದಂತೆ ಒಪ್ಪಿಸುತ್ತಿದ್ದ. ಮರಿಗಳ ಔಷಧಿಗೆ ಫ್ರಿಜ್ಜಿನಲ್ಲಿ ಹಾಲಿಗಿಂತ ಮೇಲಿನ ಸ್ಥಾನ. ಚುಚ್ಚುವ ಕೈ ಅವನದು. ಮರಿಯನ್ನು ಮಡಿಲಿಗೆ ಅವುಚಿಕೊಂಡು ಕತ್ತಿನ ಹಿಂದಿನ ಸಡಿಲ ಚರ್ಮ ಎತ್ತಿ ಹಿಡಿಯುವ ಕೈ ಮಗಳದು. ತಾಯಿನಾಯಿ ಮಾತ್ರ ಸೂಜಿಯ ಮುಖ ಕಂಡು ವರ್ಷಗಳಾಗಿದ್ದವು. ಮಾರುವ ನಾಯಿಯಲ್ಲವಲ್ಲ, ಅದಕ್ಕೆ ಯಾಕೆ ದಂಡದ ಖರ್ಚು ಎಂಬುದು ಅಪ್ಪನ ಸಿದ್ಧಾಂತ.

ಮಗಳೂ ಮಾರುವ ಸರಕಲ್ಲ.

ಅವಳಿಗೆ ಹದಿನಾರು. ಬೀದಿಯ ಕೊನೆಯ ಆಸ್ಪತ್ರೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಹಾಕುತ್ತಿದ್ದರು. ಅದೇ ರೋಗದಲ್ಲಿ ಅಮ್ಮ ನರಳಿ ನರಳಿ ಹೋದದ್ದನ್ನು, ಅಮ್ಮನ ಹಾಸಿಗೆ ಬದಲಾಯಿಸಿದ ಮಗಳ ಕೈಗಳು ಮರೆತಿರಲಿಲ್ಲ. ಒಬ್ಬಳೇ ಹೋಗಿ ತನಗೂ ಹಾಕಿ ಎಂದು ಕೇಳಿದಳು. ಇದು ಯಾವುದಕ್ಕೆ, ಹಾಕಿಸಿಕೊಂಡರೆ ಏನಾಗಬಹುದು, ಯಾರು ಹಾಕಿಸಿಕೊಳ್ಳಬಾರದು ಎಂದು ದಾದಿ ಅವಳಿಂದ ಪಾಠ ಒಪ್ಪಿಸಿಕೊಂಡಳು. ಹುಡುಗಿ ಎಲ್ಲೂ ತಡವರಿಸಲಿಲ್ಲ.

"ಪರವಾಗಿಲ್ವೇ, ಚೆನ್ನಾಗೇ ತಿಳ್ಕೊಂಡಿದೀಯ," ಎಂದು ದಾದಿ ಕಾಗದವೊಂದನ್ನು ಅವಳತ್ತ ತಳ್ಳಿದಳು. "ಅಪ್ಪನ ಸಹಿ ಹಾಕಿಸ್ಕೊಂಡು ಬಾ."

"ತೋಳು ನಂದಲ್ವಾ ಸಿಸ್ಟರ್?"

"ತೋಳು ನಿಂದೇ ಕಣಮ್ಮ. ಹದಿನೆಂಟಾಗೋ ತನಕ ಮಾತು ಅಪ್ಪಂದು."

ಅಪ್ಪ ಕಾಗದವನ್ನು ಮುಟ್ಟಲೂ ಇಲ್ಲ. "ಎಂಥಾ ಹುಡುಗೀರಿಗೆ ಅದನ್ನ ಹಾಕ್ತಾರೆ ಗೊತ್ತಾ? ನೋಡಿದೋರು ಏನಂದ್ಕೋತಾರೆ?"

"ಅಮ್ಮ ಎಂಥವಳಾಗಿದ್ಲು?"

ಅಪ್ಪ ಫ್ರಿಜ್ಜು ತೆಗೆದು ಮರಿಗಳ ಔಷಧಿ ಎಣಿಸತೊಡಗಿದ. "ಅದು ಅವಳ ಹಣೆಬರಹ. ನಿನ್ನ ಕಾಯೋಕೆ ದೇವರಿದ್ದಾನೆ."

ಸಂಜೆ ಸಂಜೆ ಅಮ್ಮನ ಪಕ್ಕ ಕೂತು ದೇವರ ಪದ್ಯ ಕೇಳುತ್ತ ಬೆಳೆದವಳು ಅವಳು. ಮಗಳನ್ನು ದೇವರ ತಲೆಗೆ ಕಟ್ಟಿ, ಮರಿಗಳನ್ನು ಮಾತ್ರ ಫ್ರಿಜ್ಜಿಗೆ ಒಪ್ಪಿಸುವ ಭಕ್ತಿಯನ್ನು ಯಾವ ಪದ್ಯದಲ್ಲೂ ಕೇಳಿರಲಿಲ್ಲ.

ಭಾನುವಾರ ಹೊಸ ಮರಿಗಳ ಸರದಿ ಬಂತು.

"ಬಾರೇ ಲಾಯರಮ್ಮ, ಹಿಡ್ಕೋ ಬಾ."

ಅವಳು ಬಾಗಿಲಿಗೆ ಒರಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿದಳು. "ಮರಿಗಳಿಗೂ ದೇವರಿದ್ದಾನೆ ಅಪ್ಪ."

"ಕೊಬ್ಬು ನೋಡು. ನೀನಿಲ್ದಿದ್ರೆ ನನ್ ಕೈಲಾಗಲ್ವಾ?"

ಆಗಲಿಲ್ಲ. ಮರಿ ಕಿರುಚಿತು, ಸೂಜಿ ಕೈಜಾರಿತು, ಯಾರ ತಂಟೆಗೂ ಹೋಗದ ತಾಯಿನಾಯಿ ಎದ್ದು ಬಂದು ಅಪ್ಪನ ಬಲಗೈಗೆ ಬಾಯಿ ಹಾಕಿತು. ಅವನು ನೆಲದಲ್ಲೇ ಕೂತು ತೀರಿಹೋದ ತನ್ನ ತಾಯಿಯನ್ನು ಕರೆಯುತ್ತಿದ್ದಾಗ, ಮಗಳೇ ಅವನ ಕೈಯನ್ನು ನಲ್ಲಿಗೆ ಹಿಡಿದು ಸೋಪು ಹಾಕಿ ತೊಳೆದು, ಆಸ್ಪತ್ರೆಗೆ ನಡೆಸಿಕೊಂಡು ಹೋದಳು.

ಕೇಳುವ ಮೊದಲೇ ಅಪ್ಪ ಅಂಗಿಯ ತೋಳೇರಿಸಿ ಕೂತ. "ಬೇಗ ಹಾಕಿ ಸಿಸ್ಟರ್, ಎಷ್ಟು ಬೇಕಾದ್ರೂ ಹಾಕಿ." ಯಾವ ಲಸಿಕೆ, ಹಾಕಿಸಿಕೊಂಡರೆ ಏನಾಗಬಹುದು, ಅವನು ಕೇಳಲಿಲ್ಲ. ಅವನಿಂದ ಯಾರೂ ಪಾಠ ಒಪ್ಪಿಸಿಕೊಳ್ಳಲಿಲ್ಲ.

"ನಾಯಿಗೆ ಇಂಜೆಕ್ಷನ್ ಆಗಿದ್ಯಾ?" ಎಂದಳು ದಾದಿ.

ಅಪ್ಪ ಅಂಗಿಯ ತೋಳನ್ನು ಇನ್ನಷ್ಟು ಮೇಲೇರಿಸಿದ.

"ಅದು ಮಾರೋ ನಾಯಿ ಅಲ್ಲ ಸಿಸ್ಟರ್," ಎಂದಳು ಮಗಳು. ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಸೂಜಿ ಇಳಿದದ್ದೇ ಅಪ್ಪನ ಮುಖ ಬೂದಿಯಾಯಿತು. ಮಲಗಿಸಿ ನೀರು ಕುಡಿಸಬೇಕಾಯಿತು. ಗಾಯಕ್ಕೆ ಬಟ್ಟೆ ಸುತ್ತಿದ ದಾದಿ ಇನ್ನೊಂದು ಕಾಗದ ತಂದಳು. "ಇವರನ್ನ ಒಬ್ರೇ ಕಳ್ಸೋ ಹಾಗಿಲ್ಲ. ಜವಾಬ್ದಾರಿ ನಂದು ಅಂತ ಇಲ್ಲಿ ಸಹಿ ಹಾಕಮ್ಮ."

ಹುಡುಗಿ ಹಾಕಿದಳು. "ಇದಕ್ಕೆ ಹದಿನಾರು ಸಾಕಾ ಸಿಸ್ಟರ್?"

ದಾದಿಗೆ ತಟ್ಟನೆ ಹತ್ತಿಯ ಡಬ್ಬಿ ಜೋಡಿಸುವ ಕೆಲಸ ನೆನಪಾಯಿತು.

ಮಗಳು ಚೀಲದಿಂದ ತನ್ನ ಕಾಗದ ತೆಗೆದು ಅಪ್ಪನ ತೊಡೆಯ ಮೇಲೆ ಬಿಡಿಸಿಟ್ಟಳು. "ಮುಂದಿನ ಇಂಜೆಕ್ಷನ್‌ಗೂ ನಾನೇ ಕರ್ಕೊಂಡ್ ಬರ್ತೀನಪ್ಪ. ಮರಿಗಳದ್ದೂ ಹಾಗೇ ಉಳ್ಕೊಂಡಿದೆ. ಹಿಡಿಯೋರು ಬೇಕು ತಾನೆ?"

ಅಪ್ಪ ಸುತ್ತಿದ ಬಲಗೈ ನೋಡಿದ, ಬಾಗಿಲು ನೋಡಿದ, ತನ್ನನ್ನೇ ನೋಡುತ್ತಿದ್ದ ಬೆಂಚನ್ನು ನೋಡಿದ. ಕೊನೆಗೆ ಎಡಗೈಯಲ್ಲಿ ಪೆನ್ನು ಹಿಡಿದ. ಅವನ ಹೆಸರು ಕಾಗದದ ಮೇಲೆ ಎರೆಹುಳುವಿನಂತೆ ತೆವಳಿತು. ಒಂದಕ್ಷರ ಓದಲಿಲ್ಲ. 'ಮೇಲಿನದೆಲ್ಲವನ್ನೂ ಓದಿ, ಅರ್ಥ ಮಾಡಿಕೊಂಡು ಒಪ್ಪಿದ್ದೇನೆ' ಎಂಬ ಸಾಲಿನ ಕೆಳಗೇ ಆ ಹುಳು ಮಲಗಿತ್ತು. ದಾದಿ ಅದರ ಮೇಲೆ ಠಪ್ಪೆಂದು ಮೊಹರು ಒತ್ತಿದಳು.

ಹುಡುಗಿ ತೋಳೇರಿಸಿ ಕೂತಳು. ಸೂಜಿ ನೋಡಲಾರದೆ ಅಪ್ಪ ಗೋಡೆಗೆ ಮುಖ ಮಾಡಿದ.