ನಲವತ್ತನಾಲ್ಕು ಮಿಲಿಮೀಟರ್

೨೦೨೪ರ ಜುಲೈ ಹನ್ನೊಂದರಂದು ಪುತ್ತೂರಿನ ಸ್ಕ್ಯಾನಿಂಗ್ ಕೋಣೆಯಲ್ಲಿ ಅಳೆದಾಗ ಭವಿತಾಳ ಮಾಸು, ಅಂದರೆ ಪ್ಲಾಸೆಂಟಾ, ಗರ್ಭಕೋಶದ ಬಾಯಿಯಿಂದ ಐವತ್ತೆರಡು ಮಿಲಿಮೀಟರ್ ಮೇಲಿತ್ತು. ಅವಳ ಓರಗಿತ್ತಿ ಸಮೀಕ್ಷಾಳದು ಎಂಟು. ಇಬ್ಬರಿಗೂ ಐದು ತಿಂಗಳು. ನಡುವಿನ ನಲವತ್ತನಾಲ್ಕು ಮಿಲಿಮೀಟರ್, ಪೆರಾಬೆಯ ಆ ಮನೆಯಲ್ಲಿ ಯಾರು ಮಲಗಬೇಕು, ಯಾರು ದುಡಿಯಬೇಕು ಎಂಬುದನ್ನು ತೀರ್ಮಾನಿಸಿಬಿಟ್ಟಿತು.

ಮಾಸು ಕೆಳಗಿದ್ದರೆ ರಕ್ತ ಹೋಗುವ ಭಯವಿದೆ, ಭಾರ ಎತ್ತಬಾರದು ಎಂದಷ್ಟೇ ಡಾಕ್ಟರು ಹೇಳಿದ್ದರು. ಅತ್ತೆ ಸೀತು ಅಷ್ಟಕ್ಕೆ ನಿಲ್ಲಲಿಲ್ಲ. ಕಾಲಿನ ಕಡೆ ಎತ್ತರವಾದರೆ ಮಾಸು ತಾನಾಗಿ ಮೇಲಕ್ಕೆ ಸರಿಯುತ್ತದೆಂದು ಕಿರಿಸೊಸೆ ಸಮೀಕ್ಷಾಳ ಮಂಚದಡಿಗೆ ಎರಡು ಕೆಂಪುಕಲ್ಲು ಇಡಿಸಿದರು. ಗಂಜಿ, ಚಟ್ನಿ, ಬಿಸಿನೀರು ಎಲ್ಲವೂ ಆ ಮಂಚಕ್ಕೇ ಹೋಗುತ್ತಿದ್ದವು. ಒಯ್ಯುವವಳು ಭವಿತಾ.

ಮುಂದಿನ ತಪಾಸಣೆಯಲ್ಲಿ ಭವಿತಾ ತನ್ನದನ್ನು ಇನ್ನೊಮ್ಮೆ ಅಳೆಯಿರೆಂದು ಕೇಳಿದಳು. ಇಷ್ಟು ಒಳ್ಳೆಯ ಜಾಗದಲ್ಲಿರುವುದನ್ನು ಎಷ್ಟು ಸಲ ಅಳೆಯುವುದೆಂದು ಡಾಕ್ಟರು ನಕ್ಕರು. ಒಳ್ಳೆಯ ಜಾಗವೆಂಬ ಮಾತು ಅವಳಿಗೆ ಶಿಕ್ಷೆಯಂತೆ ಕೇಳಿಸಿತು.

ಸೀತು ಪೂಜೆಯೊಂದಕ್ಕೆ ಕುಂಬ್ರಕ್ಕೆ ಹೋಗಿದ್ದ ಬೆಳಿಗ್ಗೆ ಸಮೀಕ್ಷಾ ಸ್ನಾನಕ್ಕೆ ನೀರು ತಂದುಕೊಡುವಂತೆ ಕೇಳಿದಳು.

"ಹಂಡೆ ಅಲ್ಲೇ ಉಂಟಲ್ಲ, ನೀನೇ ಎತ್ತಿಕೋ," ಎಂದಳು ಭವಿತಾ. "ಕಲ್ಲಿನ ಮೇಲೆ ಮಲಗುವ ಮಹಾರಾಣಿಗೆ ಒಂದು ಬಕೆಟ್ ಎಂತ ಭಾರ?"

ಸಮೀಕ್ಷಾ ಬಕೆಟ್ ತುಂಬಿಸಿ ಎತ್ತಿದಳು. ಬಚ್ಚಲು ತಲುಪುವಷ್ಟರಲ್ಲಿ ನೆಲದ ಮೇಲೆ ರಕ್ತವಿತ್ತು. ಜೀಪು ತರಿಸಿ ಪುತ್ತೂರಿಗೆ ಸಾಗಿಸಿದರು.

ರಕ್ತ ನಿಂತಿತು, ಪರದೆಯ ಮೇಲೆ ಮಗು ಕೈಕಾಲು ಆಡಿಸಿತು. ಬಕೆಟ್ಟಿನಿಂದಲೇ ಹೀಗಾಯಿತೆಂದು ಹೇಳಲಾಗದು ಎಂದರು ಡಾಕ್ಟರು. ಭವಿತಾಳಿಗೆ ಮಾತ್ರ ಅನುಮಾನವಿರಲಿಲ್ಲ.

ನೀರು ಎತ್ತಲು ಹೇಳಿದವರು ಯಾರೆಂದು ಸೀತು ಆಸ್ಪತ್ರೆಯ ಮಂಚದ ಪಕ್ಕ ನಿಂತು ಕೇಳಿದರು.

"ನಾನೇ ಎತ್ತಿದ್ದು ಅತ್ತೆ. ಅಕ್ಕ ತೋಟದಲ್ಲಿ ಇದ್ರು," ಎಂದಳು ಸಮೀಕ್ಷಾ.

ಅತ್ತೆ ಹೊರಗೆ ಹೋದ ಮೇಲೆ ಭವಿತಾ ಸುಳ್ಳು ಯಾಕೆ ಹೇಳಿದ್ದೆಂದು ಕೇಳಿದಳು.

"ನಿಜ ಹೇಳಿದ್ರೆ ಅತ್ತೆ ನಿಮಗೆ ನಾಲ್ಕು ಬೈತಿದ್ರು, ಅಲ್ಲಿಗೆ ಮುಗೀತಿತ್ತು," ಎಂದಳು ಸಮೀಕ್ಷಾ ಮೆಲ್ಲಗೆ. "ಈಗ ಮುಗಿಯುದಿಲ್ಲ ಅಲ್ವಾ ಅಕ್ಕ?"

ಸೀತು ಎಳನೀರು ತಂದು ಕಿರಿಸೊಸೆಯ ಕೈಗಿತ್ತರು. ಒಂದೇ ತಂದಿದ್ದರು. ಅಷ್ಟೆಲ್ಲ ಆದ ಮೇಲೂ ಅದನ್ನು ಕಂಡು ಭವಿತಾಳಿಗೆ ಹೊಟ್ಟೆ ಉರಿಯಿತು. ಅತ್ತೆಗೆ ನಿಜ ಹೇಳಲು ಅವಳು ಮುಂದಾಗಲಿಲ್ಲ. ಓರಗಿತ್ತಿಯ ಋಣ ತೀರದೆ ಉಳಿಯಿತು.