ಮುಖವೇ ಲೈಸೆನ್ಸು

ದೊಡ್ಡಮ್ಮ ಎಂದು ಅವಳಿಗೆ ಹೆಸರಿಟ್ಟವರು ಅವಳ ತರಗತಿಯ ಮಕ್ಕಳೇ. ಹನ್ನೆರಡು ವರ್ಷದ ಹುಡುಗಿ ಇಪ್ಪತ್ತೆರಡರವಳ ಹಾಗೆ ಕಂಡರೆ ಮಕ್ಕಳು ಇನ್ನೇನು ತಾನೆ ಕರೆದಾರು? ಒಂಬತ್ತು ತುಂಬುವ ಹೊತ್ತಿಗೆ ಅಮ್ಮನ ಭುಜ ಮುಟ್ಟಿದ್ದಳು, ಹನ್ನೊಂದಕ್ಕೆ ಅಮ್ಮನನ್ನೇ ದಾಟಿದಳು. ದನಿ ದಪ್ಪ. ಹುಬ್ಬುಗಳ ನಡುವೆ, ಸಂಸಾರ ಮಾಡಿ ಸಾಕಾದವರಿಗೆ ಇರುತ್ತದಲ್ಲ, ಅಂಥದೊಂದು ಗೆರೆ. ಹಾಫ್ ಟಿಕೆಟ್ ಕೇಳಿದರೆ ಬಸ್ಸಿನ ಕಂಡಕ್ಟರು ಬೈಯುತ್ತಿದ್ದ. ಪೋಷಕರ ಸಭೆಯ ದಿನ ಹೊಸ ಟೀಚರು ಅವಳಿಗೇ ಕುರ್ಚಿ ಎಳೆದು ಹಾಕಿ, "ನಿಮ್ಮ ಮಗು ಯಾವ ಕ್ಲಾಸು?" ಎಂದು ಕೇಳಿದ್ದರು. ಎಲ್ಲರೂ ನಕ್ಕರು. ನಗುವವರಿಗೇನು, ನಕ್ಕು ಮನೆಗೆ ಹೋದರು.

ಅಪ್ಪ ಮಾತ್ರ ನಗಲಿಲ್ಲ. ಅಪ್ಪನಿಗೆ ಅದರಲ್ಲಿ ಲಾಭ ಕಂಡಿತು.

ಅಪ್ಪನದು ಬೇಕರಿಯಿಂದ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುವ ಕೆಲಸ. ಕುಡಿದು ವ್ಯಾನು ಓಡಿಸಿ, ಸಿಕ್ಕಿಬಿದ್ದು, ಲೈಸೆನ್ಸು ಕಳೆದುಕೊಂಡಿದ್ದ. ಮಾನ ಇದ್ದವನಾದರೆ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದ. ಈ ಮಹಾಶಯ ಮಗಳನ್ನು ಗೋದಾಮಿನ ಹಿಂದಿನ ಖಾಲಿ ಜಾಗಕ್ಕೆ ಕರೆದುಕೊಂಡು ಹೋಗಿ ಕ್ಲಚ್ಚು, ಗೇರು ಹೇಳಿಕೊಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ.

"ಲೈಸೆನ್ಸ್ ಕೇಳಿದ್ರೆ?" ಎಂದಿದ್ದಳು ಅವಳು.

"ಯಾರು ಕೇಳ್ತಾರೆ? ನಿನ್ನ ಮುಖಾನೇ ಲೈಸೆನ್ಸು," ಎಂದು ಅಪ್ಪ ಅವಳ ಕೆನ್ನೆ ತಟ್ಟಿದ್ದ.

ಸುಳ್ಳೇಕೆ ಹೇಳಬೇಕು, ಮೊದಮೊದಲು ಅವಳಿಗೂ ಖುಷಿಯಾಗಿತ್ತು. ಅವಳ ಮುಖವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಅಮ್ಮ ಬಟ್ಟೆ ಕಾರ್ಖಾನೆಯ ಬೆಳಗಿನ ಪಾಳಿಗೆ ಹೊರಟ ಮೇಲೆ, ಅಮ್ಮನದೇ ಹಳೆಯ ಕೋಟು ತೊಟ್ಟು, ತುರುಬು ಕಟ್ಟಿ, ಅವಳು ಸ್ಟೀರಿಂಗ್ ಹಿಡಿಯುತ್ತಿದ್ದಳು. ಪಕ್ಕದ ಸೀಟಿನಲ್ಲಿ ಅಪ್ಪ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ನಾಲ್ಕು ವರ್ಷದ ತಮ್ಮ ಗುಂಡನೂ ಜೊತೆಗೆ. ಅವನಿಗೆ ಸೀಟೂ ಇಲ್ಲ, ಬೆಲ್ಟೂ ಇಲ್ಲ. ಎರಡು ಸೀಟುಗಳ ನಡುವೆ ಬ್ರೆಡ್ಡಿನ ಕ್ರೇಟನ್ನು ಬೋರಲು ಹಾಕಿ ಅಪ್ಪ ಅವನನ್ನು ಅದರ ಮೇಲೆ ನಿಲ್ಲಿಸುತ್ತಿದ್ದ.

"ಅಪ್ಪಾ, ಅವನು ಬೀಳ್ತಾನೆ," ಎಂದರೆ, "ನಾವೆಲ್ಲ ಹೀಗೇ ಬೆಳೆದೋರು. ಏನಾಗಿದೆ ನಮಗೆ?" ಎನ್ನುತ್ತಿದ್ದ. ಏನಾಗಿದೆ ಎಂಬುದು ನೋಡುವವರಿಗೆಲ್ಲ ಕಾಣುತ್ತಲೇ ಇತ್ತು.

ನಿನ್ನೆ ನಾಯಿಯೊಂದು ಅಡ್ಡ ಬಂತು. ಅವಳು ಬ್ರೇಕ್ ಒತ್ತಿದಳು. ಗುಂಡನ ಹಣೆ ಡ್ಯಾಶ್‌ಬೋರ್ಡಿಗೆ ಬಡಿದು ನಿಂಬೆಹಣ್ಣಿನ ಗಾತ್ರ ಊದಿಕೊಂಡಿತು. ಸಂಜೆ ಅಪ್ಪ, "ಮೆಟ್ಟಿಲಿಂದ ಬಿದ್ದ," ಎಂದು ತಣ್ಣಗೆ ಹೇಳಿದ. ಅಮ್ಮ ತಿರುಗಿದ್ದು ಅವಳ ಕಡೆಗೆ.

"ಅಕ್ಕ ಅಂತ ಯಾಕೆ ಇದೀಯಾ ನೀನು? ಇಷ್ಟು ದೊಡ್ಡವಳಾಗಿ ಒಂದು ಮಗೂನ ನೋಡ್ಕೊಳ್ಳಕ್ಕಾಗಲ್ವಾ?"

ನಿಜ ಅವಳ ನಾಲಿಗೆ ತುದಿಗೆ ಬಂತು. ಅಮ್ಮನ ಬೆನ್ನ ಹಿಂದೆ ಅಪ್ಪ ಕಣ್ಣು ಕೆಕ್ಕರಿಸಿದ. ಬಂದದ್ದನ್ನು ನುಂಗಿಕೊಂಡು, ಸಿಟ್ಟು ಬಂದಾಗಲೆಲ್ಲ ಮಾಡುವಂತೆ, ದವಡೆಯ ಹಲ್ಲೊಂದನ್ನು ನಾಲಿಗೆಯಿಂದ ನೂಕತೊಡಗಿದಳು. ಅದು ಅವಳ ಕಡೆಯ ಹಾಲುಹಲ್ಲು. ಮೈಯೆಲ್ಲ ಮುಂದೆ ಓಡಿಹೋಗಿದ್ದರೂ ಆ ಹಲ್ಲೊಂದು ಅವಳ ವಯಸ್ಸಿನಲ್ಲೇ ಕೂತಿತ್ತು. ಈಗ ಅದೂ ಅಲುಗಾಡುತ್ತಿತ್ತು.

ಇವತ್ತು ಬೆಳಿಗ್ಗೆ ಅಮ್ಮ ಹೋದದ್ದೇ ತಡ, "ನಾನು ಇನ್ಮೇಲೆ ಓಡ್ಸಲ್ಲ," ಎಂದಳು. "ಗುಂಡಂಗೆ ಏನಾದ್ರೂ ಆದ್ರೆ?"

"ಸರಿ, ಓಡಿಸ್ಬೇಡ. ಹೋಗಿ ಅಮ್ಮಂಗೆ ಹೇಳು. ಅವಳು ನನ್ನ ಬಿಟ್ಟು ಹೋಗ್ತಾಳೆ. ಮನೆ ಮುರಿದೋಳು ಅಂತ ನಿನಗೇ ಹೆಸರು. ಯೋಚನೆ ಮಾಡು, ದೊಡ್ಡೋಳಲ್ವಾ ನೀನು?"

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಈ ಹೆತ್ತವನಿಗೆ ಪುಕ್ಕಟೆ ಡ್ರೈವರು ಸಿಕ್ಕರೆ ಸಾಕಿತ್ತು. ಅವಳು ಹಲ್ಲು ನೂಕುತ್ತಾ ಕೋಟು ತೊಟ್ಟಳು.

ಎರಡು ಅಂಗಡಿಗೆ ಬ್ರೆಡ್ಡು ಹಾಕಿ ದೊಡ್ಡ ರಸ್ತೆಗೆ ತಿರುಗಿದರೆ, ಎದುರಿಗೆ ಪೊಲೀಸಮ್ಮ ಕೈ ಅಡ್ಡ ಹಿಡಿದು ನಿಂತಿದ್ದರು.

"ಬಾಯಿ ಬಿಡ್ಬೇಡ. ನಾನು ಮಾತಾಡ್ತೀನಿ," ಎಂದು ಅಪ್ಪ ಪಿಸುಗುಟ್ಟಿದ.

ಲೈಸೆನ್ಸು ಮನೆಯಲ್ಲಿ ಮರೆತು ಬಂದಿದ್ದೇವೆ ಎಂದು ಅಪ್ಪ ರಾಗ ಎಳೆಯುತ್ತಿರುವಾಗಲೇ ಪೊಲೀಸಮ್ಮನ ಕಣ್ಣು ಕ್ರೇಟಿನ ಮೇಲೆ ನಿಂತ ಗುಂಡನ ಹಣೆಗೆ ಬಿತ್ತು. ಅಲ್ಲಿಂದ ನೇರ ಅವಳ ಮುಖಕ್ಕೆ ಬಂತು.

"ಏನಮ್ಮಾ, ಹೆತ್ತ ತಾಯಿ ತಾನೆ ನೀನು? ಮಗೂನ ಹೀಗಾ ನಿಲ್ಲಿಸ್ಕೊಂಡು ಹೋಗೋದು? ಆ ಹಣೆ ನೋಡು! ಬುದ್ಧಿ ಎಲ್ಲಿಟ್ಟಿದೀಯಾ?"

ಅವಳು ಅಪ್ಪನ ಕಡೆ ನೋಡಿದಳು. ಇಷ್ಟಕ್ಕಾದರೂ ಅವನು ಬಾಯಿ ತೆರೆದಾನು ಅಂದುಕೊಂಡಳು. ಅಪ್ಪ ಬಾಯಿ ತೆರೆದ.

"ನಾನೂ ಅದನ್ನೇ ಬಡ್ಕೊಳ್ತೀನಿ ಮೇಡಂ. ಇವಳು ಎಲ್ಲಿ ಕೇಳ್ತಾಳೆ!"

ಇವಳು! ಗಂಡಂದಿರು ಹೆಂಡತಿಯ ಮೇಲೆ ಚಾಡಿ ಹೇಳುವ ಅದೇ ದನಿ. ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಕುಡಿದವನು ಅವನು, ಕ್ರೇಟು ಹಾಕಿದವನು ಅವನು, ಸುಳ್ಳು ಹೇಳಿದವನು ಅವನು. ಬೈಸಿಕೊಳ್ಳುವುದಕ್ಕೆ ಮಾತ್ರ ಅವಳು.

"ಆಯ್ತು, ಮೊದಲು ಮಗೂನ ಕೂರಿಸಿ ಹೊರಡಿ. ನಾಳೆ ಲೈಸೆನ್ಸ್ ತಂದು ತೋರಿಸ್ಬೇಕು," ಎಂದರು ಪೊಲೀಸಮ್ಮ.

"ನಡಿ, ನಡಿ," ಎಂದ ಅಪ್ಪ ಗೆದ್ದವನ ಹಾಗೆ.

ಅವಳು ಎಂಜಿನ್ ಆರಿಸಿದಳು. ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದಳು.

"ನಾನು ಇವನ ತಾಯಿ ಅಲ್ಲ. ಅಕ್ಕ. ಇವರು ನಮ್ಮಪ್ಪ. ನನಗೆ ಹನ್ನೆರಡು ವರ್ಷ."

ಪೊಲೀಸಮ್ಮ ಜೋರಾಗಿ ನಕ್ಕರು. "ನಿನಗೆ ಹನ್ನೆರಡಾ? ಹಾಗಾದ್ರೆ ನನಗೆ ಹದಿನಾರು. ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡ್ಬೇಡ, ಹೋಗಮ್ಮ." ಅವರಿಗಿಂತ ಜೋರಾಗಿ ಅಪ್ಪ ನಕ್ಕ. ಬಸ್ಸಿನಲ್ಲಿ ಕೇಳಿದ ನಗು, ಶಾಲೆಯಲ್ಲಿ ಕೇಳಿದ ನಗು, ಎಲ್ಲ ಸೇರಿ ಆ ಪುಟ್ಟ ವ್ಯಾನಿನೊಳಗೆ ಬಂದು ಕೂತಂತಾಯಿತು.

ಅವಳು ಬಾಯಿಗೆ ಬೆರಳು ಹಾಕಿದಳು. ಹಿಡಿದು ತಿರುಚಿ ಎಳೆದಳು. ನೋವಿಗೆ ಕಣ್ಣಲ್ಲಿ ನೀರು ಬಂತು, ಬಿಡಲಿಲ್ಲ. ಕಿತ್ತು ಬಂದದ್ದನ್ನು ಕಿಟಕಿಯಿಂದಾಚೆ ಕೈ ಚಾಚಿ ಪೊಲೀಸಮ್ಮನ ಅಂಗೈಯಲ್ಲಿಟ್ಟಳು. ಕಡಲೆಕಾಳಿನಷ್ಟು ದೊಡ್ಡದು, ಬೇರು ಸವೆದುಹೋದ ಹಲ್ಲು. ಒಂದು ಕಡೆ ರಕ್ತ.

ನಗು ನಿಂತಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಅಂಗೈ ಮೇಲಿನ ಹಾಲುಹಲ್ಲಿಗೂ ಬೇಡ. ಪೊಲೀಸಮ್ಮ ಹಲ್ಲು ನೋಡಿದರು, ತೆಳ್ಳನೆ ತೋಳಿಗೆ ಸಡಿಲವಾದ ಕೋಟು ನೋಡಿದರು, ಆಮೇಲೆ ಅವಳ ಮುಖವನ್ನು ಹೊಸದಾಗಿ ನೋಡಿದರು.

"ಎಷ್ಟನೇ ಕ್ಲಾಸು?"

"ಏಳು."

"ಕೆಳಗಿಳಿ, ಮಗೂ," ಎಂದರು. ಮಗೂ ಎಂದು ಅವಳನ್ನು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ.

ಅವಳು ಗುಂಡನನ್ನು ಎತ್ತಿಕೊಂಡು ಇಳಿದಳು. ಅಪ್ಪನ ಮುಖ ಬಿಳಿಚಿಕೊಂಡಿತ್ತು. "ಮೇಡಂ, ಇದು ಮನೆ ವಿಷ್ಯ..." ಎಂದು ತೊದಲಿದ. ಅದು ನಡೆಯದಿದ್ದಾಗ ಮಗಳ ಮೇಲೆ ಹರಿಹಾಯ್ದ.

"ಏನೇ ಇದು? ಚಿಕ್ಕ ಮಗು ಥರ ಆಡ್ತಿದೀಯಲ್ಲ, ನಾಚಿಕೆ ಆಗಲ್ವಾ?"

"ನಾನು ಚಿಕ್ಕೋಳೇ," ಎಂದಳು, ರಕ್ತ ಉಗುಳಿ. "ನಾಚಿಕೆ ಆಗ್ಬೇಕಾಗಿದ್ದು ನಿನಗೆ."

ಪೊಲೀಸಮ್ಮ ಅಪ್ಪನನ್ನು ಕೆಳಗಿಳಿಸಿ ನಿಲ್ಲಿಸಿದರು. ಅಮ್ಮನ ನಂಬರು ಕೇಳಿ ಫೋನ್ ಹಚ್ಚಿದರು. ಅವಳು ಕೋಟು ಬಿಚ್ಚಿ ಗುಂಡನಿಗೆ ಹೊದಿಸಿ, ಫುಟ್‌ಪಾತಿನ ಅಂಚಿಗೆ ಕೂತಳು. ಮನೆ ಮುರಿಯುವುದಿದ್ದರೆ ಮುರಿಯಲಿ. ಮುರಿದವಳು ತಾನಲ್ಲ ಎಂಬುದು ಅವಳಿಗೆ ಈಗ ಗೊತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ ಪೊಲೀಸಮ್ಮನ ಮುಂದೆ ಅಂಗೈ ಚಾಚಿದಳು.

"ನನ್ನ ಹಲ್ಲು ಕೊಡಿ. ಅಮ್ಮ ಬಂದ್ಮೇಲೆ ತೋರಿಸ್ಬೇಕು."